ಕೊಡಗಿಗೆ ಹೋದವರು, ನಮ್ಮ ಹೊಲಕ್ಕೆ ಬಂದವರು

ಸೊಪ್ಪು ಮುರಿಯೋ ಕಾಲ, ಯಾರಿಗೂ ಪುರುಸೊತ್ತಿಲ್ಲ ಅಂತ ಗೊತ್ತು. ರಾತ್ರಿ ಬ್ಯಾರನ್ ಮುಂದೆ ಕೂತು ಸೌದೆ ಹಾಕ್ತಾ ಹಾಕ್ತಾ ಬರೆದಿದ್ದು ಇದು. ಉದ್ದ ಇದೆ, ಬಿಡುವಾದಾಗ ಓದಿ.

ಹೋದ ಮಂಗಳವಾರ ಬೆಳಗ್ಗೆ ಜಡಿಮಳೆ ನಿಂತಿತ್ತು, ಎಲೆ ಮೇಲೆ ನೀರು ಮಾತ್ರ ಹಾಗೇ ಇತ್ತು. ಬ್ಯಾರನ್ ಖಾಲಿ ಇದೆ, ಆಳುಗಳು ಬಂದಾಗಿದೆ, ಸುಮ್ನೆ ಕೂರಿಸೋಕಾಗುತ್ತಾ ಅಂತ ಸೊಪ್ಪು ಮುರಿಯೋಕೆ ಬಿಟ್ಟೆ. ಎಚ್.ಡಿ.ಕೋಟೆ ಕಡೆ ಹಾಡಿಯಿಂದ ಆರು ಜನ ಬಂದಿದ್ರು. ಅದರಲ್ಲಿ ಒಬ್ಬ ಹೆಣ್ಣುಮಗಳು, ಇಪ್ಪತ್ತೈದು ದಾಟಿರಲಿಲ್ಲ, ಹೊಗೆಸೊಪ್ಪಿನ ಕೆಲಸಕ್ಕೆ ಮೊದಲ ಸಲ ಬಂದೋಳು. ಹನ್ನೊಂದು ಗಂಟೆ ಹೊತ್ತಿಗೆ ಬದುವಿನ ಮೇಲೆ ಕೂತು ವಾಂತಿ ಮಾಡೋಕೆ ಶುರು ಮಾಡಿದಳು. ಮೈಯೆಲ್ಲ ಬೆವರು, ತಲೆ ಸುತ್ತು, ನಿಲ್ಲೋಕೂ ಆಗ್ತಿಲ್ಲ. ನಾನು ಏನಂದೆ ಗೊತ್ತಾ? "ಬೆಳಗ್ಗೆ ಏನೂ ತಿನ್ನದೆ ಬಂದ್ರೆ ಇನ್ನೇನಾಗುತ್ತೆ, ಒಂದು ಲೋಟ ಮಜ್ಜಿಗೆ ಕುಡಿದು ಎದ್ದು ಬಾ" ಅಂದೆ.

ನನ್ನ ಹೆಂಡತಿ ಓಡಿ ಬಂದು ಅವಳ ಕೈ ಹಿಡಿದು ನೋಡಿದಳು. "ರೀ, ಹಸಿದವರಿಗೆ ಹಿಂಗಾಯ್ತದಾ? ಸೊಪ್ಪಿನ ನೀರು ಮೈಗಿಳಿದದೆ, ಸೀರೆ ಎಲ್ಲ ನೆಂದೋಗಿದೆ ನೋಡಿ" ಅಂತ ರೇಗಿದಳು. ಒದ್ದೆ ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಕೈಕಾಲು ತೊಳೆಸಿ, ತನ್ನ ಸೀರೆ ಉಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋದಳು. ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ "ಮಳೆಯಲ್ಲಿ ಸೊಪ್ಪು ಮುರಿದ್ರಾ?" ಅಂತ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಆಡಿದ ಮಾತನ್ನು ಎಲ್ಲೋ ಕೇಳಿದ್ದೀನಲ್ಲ ಅನ್ನಿಸ್ತಿತ್ತು. ಆಮೇಲೆ ನೆನಪಾಯ್ತು. ನಮ್ಮಜ್ಜಿ ಹೇಳ್ತಿದ್ದ ಕೊಡಗಿನ ಕತೆಯಲ್ಲಿ ಕೇಳಿದ್ದೆ.

ರಾಗಿ ಕಣ ಮುಗಿದ ಮೇಲೆ

ನಮ್ಮ ಹುಣಸೂರು, ಪಿರಿಯಾಪಟ್ಟಣ ಕಡೆ ಹಳಬರಿಗೆ ವರ್ಷ ಅಂದ್ರೆ ಎರಡು ಭಾಗ. ಮಳೆ ಬಿದ್ದಾಗಿಂದ ರಾಗಿ ಕಣ ಮುಗಿಯೋ ತನಕ ಊರು. ಕಣ ಮುಗಿದ ಮೇಲೆ ಯುಗಾದಿ ತನಕ ಕೊಡಗು. ನಮ್ಮಲ್ಲಿ ಹೊಲ ಖಾಲಿ ಆಗೋ ಹೊತ್ತಿಗೆ ಅಲ್ಲಿ ಕಾಫಿ ಹಣ್ಣಾಗುತ್ತೆ. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಆ ನಾಲ್ಕು ತಿಂಗಳ ಖಾಲಿ ಹೊಟ್ಟೆ ಮತ್ತು ಆ ನಾಲ್ಕು ತಿಂಗಳ ಕೆಲಸ, ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದ ಹಾಗಿದ್ದವು.

ಬ್ರಿಟಿಷರು ಕೊಡಗನ್ನು ವಶ ಮಾಡಿಕೊಂಡಿದ್ದು 1834ರಲ್ಲಿ. ಇಪ್ಪತ್ತು ವರ್ಷ ಕಳೆದ ಮೇಲೆ, 1850ರ ದಶಕದಲ್ಲಿ, ಮಡಿಕೇರಿ ಸುತ್ತ ಬಿಳಿಯರ ಕಾಫಿ ತೋಟ ಎದ್ದವು. ಕಾಡು ಕಡಿಯೋಕೆ, ಗುಂಡಿ ತೋಡೋಕೆ, ಹಣ್ಣು ಕುಯ್ಯೋಕೆ ಅಲ್ಲಿನ ಜನ ಸಾಕಾಗಲಿಲ್ಲ. ಮೈಸೂರು ಸೀಮೆಯಿಂದ ಹುಣಸೂರು, ಪಿರಿಯಾಪಟ್ಟಣ, ಫ್ರೇಜರ್‌ಪೇಟೆ, ಅಂದ್ರೆ ಈಗಿನ ಕುಶಾಲನಗರ, ಹಾದು ಹೋಗೋ ರಸ್ತೆಯಲ್ಲೇ ಜನ ನಡ್ಕೊಂಡು ಹೋದರು. ಇವತ್ತು ನಾವು ಬಸ್ಸಿನಲ್ಲಿ ನಿದ್ದೆ ಹೊಡ್ಕೊಂಡು ಹೋಗೋ ದಾರಿ ಅದೇ.

ಆ ಕಾಲದ ದೊಡ್ಡ ಏಟು 1876ರಿಂದ 78ರ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನ ಇದ್ದರು. 1881ಕ್ಕೆ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಾದ ಕಡೆ ಎಂಟು ಲಕ್ಷಕ್ಕೂ ಜಾಸ್ತಿ ಕಮ್ಮಿ ಆದರು. ಉಳಿದವರಲ್ಲಿ ದನ ಕಳಕೊಂಡವರು, ಸಾಲಕ್ಕೆ ಭೂಮಿ ಬಿಟ್ಟವರು ಎಷ್ಟೋ ಜನ. ಅಂಥವರ ಮನೆ ಬಾಗಿಲಿಗೆ ಮೇಸ್ತ್ರಿ ಮುಂಗಡ ಹಿಡ್ಕೊಂಡು ಬಂದರೆ ಬೇಡ ಅನ್ನೋರು ಯಾರು?

ಮೇಸ್ತ್ರಿ ಪದ್ಧತಿ ಹೀಗಿತ್ತು. ತೋಟದ ದೊರೆ ಮೇಸ್ತ್ರಿಗೆ ದುಡ್ಡು ಕೊಡ್ತಾನೆ. ಮೇಸ್ತ್ರಿ ಊರಿಗೆ ಬಂದು ಮನೆಮನೆಗೆ ಮುಂಗಡ ಹಂಚಿ ಜನ ಕಟ್ಕೊಂಡು ಹೋಗ್ತಾನೆ. ಪ್ರತಿ ಆಳಿನ ದುಡಿಮೆ ಮೇಲೆ ಅವನಿಗೆ ಕಮಿಷನ್. ಮುಂಗಡ ತೀರೋ ತನಕ ಬಿಟ್ಟು ಬರೋ ಹಾಗಿಲ್ಲ. ಇದಕ್ಕೆ ಕಾನೂನಿನ ಬಲವೂ ಇತ್ತು. 1859ರ 13ನೇ ಕಾಯ್ದೆ ಅಂತ ಬ್ರಿಟಿಷ್ ಇಂಡಿಯಾದಲ್ಲಿ ಒಂದು ಕಾಯ್ದೆ. ಮುಂಗಡ ತಗೊಂಡ ಕೂಲಿಕಾರ ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟು ಅವನಿಗೆ "ದುಡ್ಡು ಕಟ್ಟು, ಇಲ್ಲಾ ಕೆಲಸ ಮಾಡು" ಅಂತ ಆರ್ಡರ್ ಮಾಡಬಹುದಿತ್ತು. ಅದಕ್ಕೂ ಬಗ್ಗದಿದ್ದರೆ ಮೂರು ತಿಂಗಳ ತನಕ ಜೈಲು. ಇದು ರದ್ದಾಗೋಕೆ 1920ರ ದಶಕವೇ ಬರಬೇಕಾಯ್ತು. ಕಾಯ್ದೆ ಹೋದರೂ ಮುಂಗಡ ಹೋಗಲಿಲ್ಲ.

ಅಜ್ಜಿಯ ಜ್ವರಗಡ್ಡೆ

ನಮ್ಮಜ್ಜಿ ಮದುವೆಯಾಗಿ ಬಂದ ಎರಡನೇ ವರ್ಷ ಕೊಡಗಿಗೆ ಹೋದರಂತೆ, ಸ್ವಾತಂತ್ರ್ಯ ಬರೋಕೆ ಸ್ವಲ್ಪ ಮುಂಚೆ. ತಾತ ಎತ್ತು ನೋಡ್ಕೊಂಡು ಊರಲ್ಲೇ ಉಳಿದರು. ಅಜ್ಜಿ, ಅಜ್ಜಿಯ ಅತ್ತಿಗೆ, ಕಂಕುಳಲ್ಲಿ ಒಂದು ಕೂಸು. ಹದಿನೈದು ರೂಪಾಯಿ ಮುಂಗಡ. ತೋಟದ ಲೈನ್ ಮನೆಯಲ್ಲಿ ಒಂದು ಕೋಣೆಗೆ ಎರಡು ಸಂಸಾರ, ನಡುವೆ ಒಂದು ಕಂಬಳಿ ಕಟ್ಟಿದರೆ ಅದೇ ಗೋಡೆ. ಕುಡಿಯೋಕೂ ತೊಳೆಯೋಕೂ ಒಂದೇ ತೊರೆ.

ಆ ತೊರೆ ಪಕ್ಕದಲ್ಲೇ ಕಾಯಿಲೆ ಇತ್ತು. ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದಿದ್ದು 1897ರಲ್ಲಿ. ನಿಧಾನ ಹರಿಯೋ ತಿಳಿನೀರ ತೊರೆಯಲ್ಲೇ ಮೊಟ್ಟೆ ಇಡೋ ಒಂದು ಜಾತಿ ಸೊಳ್ಳೆ ಪಶ್ಚಿಮ ಘಟ್ಟದಲ್ಲಿದೆ. ಕಾಡು ಕಡಿದು ಬಿಸಿಲು ಬಿಟ್ಟು, ಅದರ ಪಕ್ಕದಲ್ಲೇ ಲೈನ್ ಕಟ್ಟಿ, ಜ್ವರಕ್ಕೆ ಒಗ್ಗದ ಬಯಲುಸೀಮೆ ಜನರನ್ನು ತಂದು ಮಲಗಿಸಿದರೆ ಏನಾಗಬೇಕೋ ಅದೇ ಆಯ್ತು. ಕ್ವಿನೈನ್ ಇತ್ತು, ಸಿಂಕೋನಾ ಮರವನ್ನು 1860ರಿಂದಲೇ ನೀಲಗಿರಿಯಲ್ಲಿ ಬೆಳೆಸ್ತಿದ್ದರು. ಆದರೆ ಔಷಧಿ ಇರೋದೇ ಬೇರೆ, ಅದು ಲೈನ್ ಮನೆ ಬಾಗಿಲಿಗೆ ಬರೋದೇ ಬೇರೆ.

ಅಜ್ಜಿಗೆ ಮೂರನೇ ತಿಂಗಳು ಚಳಿಜ್ವರ ಬಂತು. ನಡುಗ್ತಾ ಹೋಗಿ "ಬುದ್ಧಿ, ಚಳಿ ಜ್ವರ, ಇವತ್ತೊಂದಿನ ಬುಟ್ಬುಡಿ" ಅಂತ ರೈಟರನ್ನ ಕೇಳಿದ್ದಕ್ಕೆ ಅವನು "ಕೂಲಿ ಬಟವಾಡೆ ದಿನ ಯಾರಿಗೂ ಜ್ವರ ಬರಲ್ಲ, ಕೆಲಸದ ದಿನ ಎಲ್ರಿಗೂ ಬರುತ್ತೆ. ಗಂಜಿ ಕುಡಿದು ಬುಟ್ಟಿ ತಗೊಂಡು ನಡಿ" ಅಂದನಂತೆ. ಅಜ್ಜಿ ಈ ಮಾತನ್ನ ಐವತ್ತು ವರ್ಷ ಆದ ಮೇಲೂ ಅವನದೇ ದನಿಯಲ್ಲಿ ಹೇಳೋರು. ಕೂಸು ಅಲ್ಲೇ ತೀರಿಹೋಯ್ತು. ಅಜ್ಜಿ ವಾಪಸ್ ಬಂದಿದ್ದು ಜ್ವರಗಡ್ಡೆ ಹೊತ್ತುಕೊಂಡು. ಎಡಗಡೆ ಪಕ್ಕೆ ಕೆಳಗೆ ಗಟ್ಟಿಯಾಗಿ ಕೈಗೆ ಸಿಗ್ತಿತ್ತು ಅನ್ನೋರು. ಮುಂಗಡ ತೀರಿರಲಿಲ್ಲ. ಮುಂದಿನ ವರ್ಷ ಮತ್ತೆ ಹೋದರು.

ಈಗ ಹೇಳಿ. ಆ ರೈಟರ್ ಅಂದಿದ್ದಕ್ಕೂ ನಾನು ಮಂಗಳವಾರ ಅಂದಿದ್ದಕ್ಕೂ ಏನು ವ್ಯತ್ಯಾಸ? ಅವನು ಗಂಜಿ ಅಂದ, ನಾನು ಮಜ್ಜಿಗೆ ಅಂದೆ.

ಗೋಡೆ ಮೇಲಿನ ಬಿಳಿ ಕಲೆ

ಮಲೇರಿಯಾ ಕೊಡಗಿನಲ್ಲಿ ಮಾತ್ರ ಇರಲಿಲ್ಲ. ಹೆಗ್ಗಡದೇವನಕೋಟೆಗೆ ವರ್ಗ ಆಯ್ತು ಅಂದ್ರೆ ಆ ಕಾಲದ ನೌಕರರು ರಜೆ ಹಾಕ್ತಿದ್ದರು ಅಂತ ನಮ್ಮ ಹಿರಿಯರು ನಗಾಡ್ತಿದ್ದರು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರ್ತಿತ್ತು, ಎಂಟು ಲಕ್ಷ ಜನ ಸಾಯ್ತಿದ್ದರು ಅನ್ನೋದು ಸರ್ಕಾರದ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು, 1958ರಲ್ಲಿ ಅದನ್ನೇ ನಿರ್ಮೂಲನ ಕಾರ್ಯಕ್ರಮ ಮಾಡಿದರು. ಡಿಡಿಟಿ ಪಂಪು ಹೊತ್ತ ಜನ ಊರೂರಿಗೆ ಬಂದು, ಗೋಡೆಗೆ ಹೊಡೆದು, ಬಾಗಿಲ ಮೇಲೆ ತಾರೀಖು ಬರೆದು ಹೋಗ್ತಿದ್ದರು. ನಮ್ಮ ಹಳೇ ಮನೆ ಮಣ್ಣುಗೋಡೆ ಮೇಲೆ ಆ ಬಿಳಿ ಕಲೆ ನಾನೇ ನೋಡಿದ್ದೀನಿ. 1965ಕ್ಕೆ ದೇಶದಲ್ಲಿ ಮಲೇರಿಯಾ ಕೇಸು ಒಂದು ಲಕ್ಷಕ್ಕೆ ಇಳೀತು. ಗೆದ್ದೆವು ಅಂತ ಮೈಮರೆತರು. 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು.

ಜ್ವರ ಕಮ್ಮಿ ಆದ ಮೇಲೆ ನಮ್ಮ ಸೀಮೆಗೆ ಜನ ಬಂದು ನೆಲೆಸೋಕೆ ಶುರುವಾಯ್ತು. 1960-61ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿನವರಿಗೆ ಸುಮಾರು ಮೂರು ಸಾವಿರ ಎಕರೆ ಕೊಟ್ಟರು. ಹಿಮದ ಸೀಮೆ ಜನ ನಮ್ಮ ಬಿಸಿಲಲ್ಲಿ ಕಾಡು ಕಡಿದು ಮುಸುಕಿನ ಜೋಳ ಹಾಕಿದರು. ಅವರಲ್ಲೂ ಕ್ಷಯ ಬಹಳ ಇತ್ತು. ಇನ್ನೊಂದು ಗಮನಿಸಿ. ಜೋಳ ಮುರಿದ ಮೇಲೆ ಅವರೂ ಚಳಿಗಾಲಕ್ಕೆ ಸ್ವೆಟರ್ ಮಾರೋಕೆ ಊರೂರಿಗೆ ಹೊರಡ್ತಾರೆ. ನಮ್ಮ ಅಜ್ಜಿಯರ ಕೊಡಗು, ಅವರ ಸ್ವೆಟರ್ ವ್ಯಾಪಾರ, ಎರಡಕ್ಕೂ ಕ್ಯಾಲೆಂಡರ್ ಒಂದೇ. ಮಳೆ ನಂಬಿದ ಭೂಮಿ ವರ್ಷಪೂರ್ತಿ ಅನ್ನ ಕೊಡಲ್ಲ.

ಹೋಗೋಕೂ ಆಗದವರು

ಕೊಡಗಿಗೆ ಹೋದವರ ಕಷ್ಟ ಹೇಳಿದೆ. ಹೋಗೋಕೂ ಆಗದವರು ಇನ್ನೊಂದಿಷ್ಟು ಜನ ಇದ್ದರು. ಜೀತದಾಳುಗಳು. ನಮ್ಮೂರಲ್ಲೂ ಇದ್ದರು, ಕೋಟೆ ತಾಲ್ಲೂಕಿನಲ್ಲಿ ಬಹಳ ಇದ್ದರು. ಅಪ್ಪ ತಗೊಂಡ ಸಾಲಕ್ಕೆ ಮಗ ಹತ್ತು ವರ್ಷಕ್ಕೇ ದನದ ಕೊಟ್ಟಿಗೆಯಲ್ಲಿ ಮಲಗಬೇಕು. ಇಂಥ ಮನೆಗಳ ದೊಡ್ಡ ಭಾಗ ನಮ್ಮ ದಲಿತರವು, ಆದಿವಾಸಿಗಳವು. ನಮ್ಮಂಥವರ ಮನೆಯಲ್ಲೇ ಅವರು ಜೀತಕ್ಕಿದ್ದರು ಅನ್ನೋದನ್ನೂ ಮುಚ್ಚಿಡಬಾರದು.

1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಆಯ್ತು. ಆಗ ಮುಖ್ಯಮಂತ್ರಿ ಆಗಿದ್ದವರು ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು. ಅವರ ಕಾಲದಲ್ಲೇ ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು, 1976ರಲ್ಲಿ ಸಾಲ ಪರಿಹಾರ ಕಾಯ್ದೆ ಬಂತು. ಗೇಣಿ ಮಾಡ್ತಿದ್ದ ಎಷ್ಟೋ ಮನೆಗಳಿಗೆ ಜಮೀನು ಸಿಕ್ಕಿತು. ನಮ್ಮ ಎರಡು ಎಕರೆ ಇಪ್ಪತ್ತು ಗುಂಟೆಯೂ ಹಾಗೆ ಬಂದಿದ್ದೇ. ಅಜ್ಜಿ ಕೊಡಗಿಗೆ ಹೋಗೋದು ನಿಂತಿದ್ದು ಆಮೇಲೆ. ಆದರೆ ಜೀತದಾಳಿಗೆ ಗೇಣಿ ಇರಲಿಲ್ಲ, ಗೇಣಿ ಇಲ್ಲದವನಿಗೆ ಪಹಣಿಯಲ್ಲಿ ಹೆಸರಿರಲಿಲ್ಲ. ಜೀತ ಬಿಟ್ಟು ಹೊರಗೆ ಬಂದವರಲ್ಲಿ ಬಹಳ ಜನರ ಕೈಯಲ್ಲಿ ಬಿಡುಗಡೆ ಇತ್ತೇ ಹೊರತು ಭೂಮಿ ಇರಲಿಲ್ಲ. ಅವರ ಮಕ್ಕಳು ಇವತ್ತು ಯಾರ ಹೊಲದಲ್ಲಿದ್ದಾರೆ ನೋಡ್ಕೊಳಿ.

ಕೋಟೆ ಕಡೆಗೆ ಇದೇ ಹೊತ್ತಿನಲ್ಲಿ ಇನ್ನೆರಡು ಆಯ್ತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಕಾಡು, ಊರು ಎರಡೂ ಮುಳುಗಿದವು. ಹಳೇ ಕಾಕನಕೋಟೆ ಕಾಡು, ಆನೆ ಖೆಡ್ಡಾ ಮಾಡ್ತಿದ್ದ ಜಾಗ, ಅದರಲ್ಲೂ ಒಂದು ಭಾಗ ನೀರಿಗೆ ಹೋಯ್ತು. 1972ರ ವನ್ಯಜೀವಿ ಕಾಯ್ದೆ, 1973ರ ಹುಲಿ ಯೋಜನೆ ಬಂದ ಮೇಲೆ ಬಂಡೀಪುರ, ನಾಗರಹೊಳೆ ಒಳಗಿದ್ದ ಜೇನುಕುರುಬರು, ಬೆಟ್ಟಕುರುಬರು, ಯರವರು, ಸೋಲಿಗರು ಒಂದೊಂದೇ ಹಾಡಿ ಬಿಟ್ಟು ಹೊರಗೆ ಬಂದರು. ನಾಗರಹೊಳೆಯಿಂದ ಹೊರಬಂದವರ ಲೆಕ್ಕ ಹಾಕೋಕೆ ಹೈಕೋರ್ಟ್ ಹೇಳಿ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ 3,418 ಕುಟುಂಬ ಅಂತ ಗುರುತಿಸಿತು. ಗೆಣಸು, ಜೇನು, ಸೊಪ್ಪು ತಿಂದು ಬದುಕಿದವರು ಕಾಡಂಚಿಗೆ ಬಂದು ಕೂಲಿಯವರಾದರು. ಬೆಳಗ್ಗೆ ಆರಕ್ಕೆ ಜೀಪು ಹತ್ತಿ ಕೊಡಗಿನ ತೋಟಕ್ಕೆ ಹೋಗೋರು ಈಗ ಹೆಚ್ಚಾಗಿ ಅವರೇ. ಅಜ್ಜಿ ಬಿಟ್ಟು ಬಂದ ಜಾಗ ಖಾಲಿ ಉಳೀಲಿಲ್ಲ.

ಆ ಜನರ ಆರೋಗ್ಯಕ್ಕೆ ಅಂತ ದುಡಿದವರನ್ನೂ ನೆನೀಬೇಕು. 1984ರಲ್ಲಿ ಮೈಸೂರಿನ ವೈದ್ಯ ವಿದ್ಯಾರ್ಥಿಗಳು ಸೇರಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೋಟೆ ತಾಲ್ಲೂಕಿನ ಹಾಡಿಗಳಿಗೆ ಹೋಗಿ, ಕೆಂಚನಹಳ್ಳಿ, ಸರಗೂರಿನಲ್ಲಿ ಆಸ್ಪತ್ರೆ ಮಾಡಿತು. ಆದರೂ ಆಸ್ಪತ್ರೆ ಇರೋದು ಊರಲ್ಲಿ, ಆಳು ಇರೋದು ಜೀಪಿನಲ್ಲಿ. ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ ತಿನ್ನಬೇಕು. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತೆ, ಮೂರನೇ ತಿಂಗಳು ಶುಂಠಿ ಕೀಳೋಕೆ ಬೇರೆ ಊರಿಗೆ ಹೊರಡ್ತಾರೆ, ಮಾತ್ರೆ ಅಲ್ಲಿಗೇ ನಿಲ್ಲುತ್ತೆ. ಅರ್ಧಕ್ಕೆ ಬಿಟ್ಟ ಕ್ಷಯ ಮತ್ತೆ ಬಂದರೆ ಅದೇ ಮಾತ್ರೆಗೆ ಬಗ್ಗದೇ ಹೋಗಬಹುದು.

ಹೊಗೆಸೊಪ್ಪು ಮನೆಗೆ ತಂದ ಕೆಲಸ

1976ರಲ್ಲಿ ತಂಬಾಕು ಮಂಡಳಿ ಆಯ್ತು, 1984ರಲ್ಲಿ ನಮ್ಮ ಕರ್ನಾಟಕದಲ್ಲಿ ಹರಾಜು ಶುರುವಾಯ್ತು. ನಮ್ಮ ಕೆಂಪು ಮಣ್ಣು, ಮುಂಗಾರು ಮಳೆ ವರ್ಜೀನಿಯಾ ಸೊಪ್ಪಿಗೆ ಒಗ್ಗಿತು. ಹುಣಸೂರು, ಪಿರಿಯಾಪಟ್ಟಣ ತುಂಬ ಬ್ಯಾರನ್ ಎದ್ದವು. ಕೊಡಗಿಗೆ ಹೋಗ್ತಿದ್ದ ಮನೆಗಳಿಗೆ ಕೆಲಸ ಊರಿಗೇ ಬಂತು. ಮಕ್ಕಳ ಫೀಜು, ಆರ್‌ಸಿಸಿ ಮನೆ, ಮದುವೆ, ಇವೆಲ್ಲ ಸೊಪ್ಪಿನ ದುಡ್ಡಲ್ಲೇ ಆಗಿದ್ದು. ನಾನು ಅದನ್ನ ಹೀಯಾಳಿಸಲ್ಲ.

ಆದರೆ ಮೈಗೇನಾಯ್ತು ಅಂತ ನಾವು ಬರೆದಿಟ್ಟಿಲ್ಲ. ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಕೊನೇ ಹಂತದಲ್ಲಿ ಒಳಗೆ 70 ಡಿಗ್ರಿ ಹತ್ತಿರ ಇರುತ್ತೆ. ನಿದ್ದೆಗೆಟ್ಟು, ಹೊಗೆ ಕುಡಿದು, ಮೇಲಿನ ತೊಲೆ ಹತ್ತಿ ಕಡ್ಡಿ ಇಳಿಸ್ತೀವಿ. ಮತ್ತೆ ಈ ಹಸಿ ಸೊಪ್ಪಿನ ಕಾಯಿಲೆ. ಇದನ್ನ ವೈದ್ಯರು ಮೊದಲು ಬರೆದಿದ್ದು 1970ರಲ್ಲಿ, ಅಮೆರಿಕದ ಫ್ಲೋರಿಡಾದ ಸೊಪ್ಪಿನ ಹೊಲದ ಕೂಲಿಗಳನ್ನ ನೋಡಿ. ಎಲೆಯಲ್ಲಿರೋ ನಿಕೋಟಿನ್ ಇಬ್ಬನಿ, ಮಳೆ, ಬೆವರಿನಲ್ಲಿ ಕರಗುತ್ತೆ, ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತೆ. ಕೆಲವು ಗಂಟೆಯಲ್ಲಿ ವಾಕರಿಕೆ, ವಾಂತಿ, ತಲೆನೋವು, ತಲೆಸುತ್ತು, ಬೆವರು. ಒಂದೆರಡು ದಿನದಲ್ಲಿ ಇಳಿಯುತ್ತೆ. ಬೀಡಿ, ಕಡ್ಡಿಪುಡಿ ಅಭ್ಯಾಸ ಇರೋರಿಗೆ ಅಷ್ಟಾಗಿ ಆಗಲ್ಲ, ಮೈ ಒಗ್ಗಿರುತ್ತೆ. ಹೊಸಬರಿಗೆ, ಅಭ್ಯಾಸ ಇಲ್ಲದ ಹೆಣ್ಣುಮಕ್ಕಳಿಗೆ ಜಾಸ್ತಿ. ಅದಕ್ಕೇ "ನಮಗೇನೂ ಆಗಲ್ಲ, ಇವರಿಗೆ ಮಾತ್ರ ಯಾಕೆ" ಅನ್ನೋ ನಮ್ಮ ಮಾತು ಬಂದಿದ್ದು. ನಮಗೆ ಆಗಲ್ಲ ಯಾಕಂದ್ರೆ ನಮ್ಮ ಮೈ ಆಗಲೇ ಅದಕ್ಕೆ ಸೋತಿದೆ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ದೊಡ್ಡ ಕಾಫಿ, ಟೀ ತೋಟಗಳಿಗೆ ಮನೆ, ನೀರು, ಕಕ್ಕಸು, ಔಷಧಿ ಕೊಡಲೇಬೇಕು ಅಂತ ಹೇಳಿತು. ಅಜ್ಜಿ ಹೋಗಿದ್ದಾಗ ಅದಿರಲಿಲ್ಲ. ನಮ್ಮ ಎರಡು ಎಕರೆ ಸೊಪ್ಪಿನ ಹೊಲಕ್ಕೆ, ಶುಂಠಿ ಗುತ್ತಿಗೆ ಹೊಲಕ್ಕೆ, ಕೆ.ಆರ್.ನಗರದ ನಾಲೆ ಬಯಲಲ್ಲಿ ಭತ್ತ ನಾಟಿಗೆ ಬರೋ ಗುಂಪಿಗೆ ಅದು ಇವತ್ತೂ ಇಲ್ಲ. ಇಲ್ಲಿ ಕಾಯ್ದೆ ಅಂದ್ರೆ ನಾವೇ.

ಲಾಕ್‌ಡೌನ್ ತೋರಿಸಿದ್ದು

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ನನ್ನ ತಮ್ಮನ ಮಗ ಬೆಂಗಳೂರಿನ ಪೀಣ್ಯ ಕಡೆಯಿಂದ ಬೈಕಿನಲ್ಲಿ ರಾತ್ರೋರಾತ್ರಿ ಊರಿಗೆ ಬಂದ. ಒಂದು ರೂಮಿಗೆ ಐದು ಜನ, ಪಾಳಿ ಮೇಲೆ ನಿದ್ದೆ, ಹನ್ನೆರಡು ಮನೆಗೆ ಒಂದು ಕಕ್ಕಸು ಅಂತ ಆಗಲೇ ನಮಗೆ ಗೊತ್ತಾಗಿದ್ದು. ಅಲ್ಲಿ ತನಕ "ಹುಡುಗ ಸಿಟಿಲವ್ನೆ" ಅಂತ ಹೆಮ್ಮೆಯಲ್ಲಿ ಹೇಳ್ಕೋತಿದ್ದೆವು. ಮೂವತ್ತು ತುಂಬಿಲ್ಲ, ಬಿಪಿ ಮಾತ್ರೆ ತಿಂತಾನೆ. ಅವನಿಗೆ ಮಾಲೀಕ ಹೇಗೆ ಮಾಡ್ಲಿ ಅಂತ ನಾವು ಬಯಸ್ತೀವೋ, ನಮ್ಮ ಹೊಲಕ್ಕೆ ಬಂದ ಹುಡುಗಿಯ ಮನೆಯವರು ನಮ್ಮಿಂದ ಅದನ್ನೇ ಬಯಸ್ತಾರೆ.

ಈ ವಾರ ನಾನು ಮಾಡಿದ್ದು ಇಷ್ಟು. ಎಲೆ ಒಣಗೋ ತನಕ, ಅಂದ್ರೆ ಒಂಬತ್ತೂವರೆ ಹತ್ತರ ತನಕ, ಸೊಪ್ಪು ಮುರಿಸಲ್ಲ. ಆ ಹೊತ್ತಿಗೂ ಕೂಲಿ ಉಂಟು. ಕೈಗೆ ರಬ್ಬರ್ ಗ್ಲೌಸು, ಸೊಂಟಕ್ಕೆ ಗೊಬ್ಬರದ ಚೀಲದ ಬದಲು ಹೊಸ ಪ್ಲಾಸ್ಟಿಕ್ ಹಾಳೆ, ಬದುವಿನ ಹತ್ತಿರ ಒಂದು ಡ್ರಮ್ ನೀರು, ಸೋಪು. ಎಲ್ಲಾ ಸೇರಿ ಒಂದು ಬೇಲ್ ಸೊಪ್ಪಿನ ದುಡ್ಡಿನ ಹತ್ತಿರಕ್ಕೂ ಹೋಗಲಿಲ್ಲ. ಉಳಿದುಕೊಳ್ಳೋರಿಗೆ ಹಳೇ ದನದ ಕೊಟ್ಟಿಗೆ ಕೊಡ್ತಿದ್ದೆ, ಅದನ್ನ ಬಿಟ್ಟು ಗ್ರೇಡಿಂಗ್ ಕೋಣೆ ಬಿಟ್ಟುಕೊಟ್ಟಿದ್ದೀನಿ. ಕಕ್ಕಸಿಗೆ ಗುಂಡಿ ತೋಡಿಸಿದ್ದೀನಿ, ರಿಂಗು ಇಳಿಸಬೇಕು. ಯಾರಿಗಾದ್ರೂ ಕ್ಷಯದ ಮಾತ್ರೆ ನಡೀತಿದ್ರೆ ನಮ್ಮ ಆಶಾ ಕಾರ್ಯಕರ್ತೆಗೆ ಹೇಳಿ ಇಲ್ಲೇ ಮಾತ್ರೆ ಸಿಗೋ ಹಾಗೆ ಮಾಡಿಸಬಹುದು, ಅದನ್ನ ಮೊದಲ ದಿನವೇ ಕೇಳ್ತೀನಿ.

ಆ ಹುಡುಗಿ ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಬಂದಳು. ಮೂರು ದಿನದ ಕೂಲಿ ಕೊಟ್ಟೆ. ನನ್ನ ಕಡೆ ನೋಡಲಿಲ್ಲ, ನನ್ನ ಹೆಂಡತಿಗೆ "ಅಕ್ಕಾ, ಸೀರೆ ಒಗ್ದು ತಂದಿವ್ನಿ" ಅಂತ ಮಡಿಸಿದ ಸೀರೆ ಕೊಟ್ಟು, ಗ್ಲೌಸು ಹಾಕ್ಕೊಂಡು ಸಾಲಿಗೆ ಇಳಿದಳು.

ಕೊನೇದಾಗಿ ಒಂದು ಕೇಳ್ಕೋತೀನಿ. ನಿಮ್ಮ ಮನೆಯಲ್ಲೂ ಕೊಡಗಿಗೆ ಹೋಗಿ ಬಂದ ಅಜ್ಜಿ, ದೊಡ್ಡಮ್ಮ, ಮಾವ ಇದ್ದರೆ ಈ ಸುಗ್ಗಿ ಮುಗಿದ ಮೇಲೆ ಕೂತು ಕೇಳಿ, ಬರೆದಿಡಿ. ಎಷ್ಟು ಮುಂಗಡ, ಎಷ್ಟು ದಿನ, ಏನು ಕಾಯಿಲೆ, ಯಾರು ವಾಪಸ್ ಬರಲಿಲ್ಲ. ನಮ್ಮಜ್ಜಿ ಕಳಕೊಂಡ ಕೂಸಿನ ಹೆಸರು ಕೇಳೋದು ನಾನು ಮರೆತೆ. ಈಗ ಹೇಳೋರು ಯಾರೂ ಇಲ್ಲ.